ದೋಣಿ ಹತ್ತಿದ ಕೋಟು

ಊರವರ ಬಟ್ಟೆಯನ್ನು ಒಂದು ಸಲವಾದರೂ ಮೈಮೇಲೆ ಹಾಕಿಕೊಳ್ಳದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಕೇಳಿ ಮೂಗು ಮುರಿಯಬೇಡಿ, ಅದು ನಮ್ಮ ಕಸುಬಿನ ಪದ್ಧತಿ. ನಮ್ಮದು ಲಾಂಡ್ರಿ. ಒಗೆದು ಇಸ್ತ್ರಿ ಮಾಡಿಕೊಡುವುದನ್ನು ಎಲ್ಲ ಲಾಂಡ್ರಿಯವರೂ ಮಾಡುತ್ತಾರೆ, ನಮ್ಮಲ್ಲಿ ರಫು ಕೆಲಸವೂ ಇದೆ. ತೂತು ಬಿದ್ದ ಕೋಟು, ಇಲಿ ಕಡಿದ ಶಾಲು, ಕಿಡಿ ತಾಗಿದ ಪ್ಯಾಂಟು, ಏನೇ ತನ್ನಿ, ನನ್ನ ಅಮ್ಮ ಅದೇ ಬಟ್ಟೆಯ ಒಳಅಂಚಿನಿಂದ ಎಳೆ ತೆಗೆದು ಅದೇ ನೇಯ್ಗೆ ಕೂಡಿಸುತ್ತಾಳೆ. ತೂತು ಎಲ್ಲಿತ್ತು ಎಂದು ಆಮೇಲೆ ನೀವೇ ಹುಡುಕಬೇಕು. ಅವಳಿಗೆ ಎಪ್ಪತ್ತಾರು ವರ್ಷ. ಕೆಲಸಕ್ಕೆ ಕೂತರೆ ಒಂದರ ಮೇಲೊಂದು ಎರಡು ಕನ್ನಡಕ.

ರಫು ಮಾಡಿದ್ದನ್ನು ಹಾಗೇ ಮಡಚಿ ಕೊಡುವಂತಿಲ್ಲ. ಹೊಲಿಗೆ ಹ್ಯಾಂಗರಿನ ಮೇಲೆ ನಿಂತರೆ ಸಾಲದು, ಮೈಮೇಲೆ ನಿಲ್ಲಬೇಕು ಎನ್ನುತ್ತಿದ್ದರು ನಮ್ಮ ಅಪ್ಪ. ಆದ್ದರಿಂದ ಮನೆಯವರಲ್ಲಿ ಯಾರ ಅಳತೆಗೆ ಸರಿಹೋಗುತ್ತದೋ ಅವರು ಅದನ್ನು ಹಾಕಿಕೊಂಡು, ಹತ್ತು ಸಲ ಕೈ ಎತ್ತಿ, ಕೂತು ಎದ್ದು, ತಾರಸಿಯವರೆಗೆ ಮೆಟ್ಟಿಲು ಹತ್ತಿ ಇಳಿಯಬೇಕು. ಇದಕ್ಕೆ ನಮ್ಮಲ್ಲಿ ‘ನಡೆಸಿ ನೋಡುವುದು’ ಎಂದು ಹೆಸರು. ಅಪ್ಪ ಹೋದಮೇಲೂ ಅಣ್ಣ ಅದನ್ನು ಬಿಡಲಿಲ್ಲ. ನಡೆಸಿ ನೋಡದೆ ಒಂದು ಬಟ್ಟೆಯೂ ನಮ್ಮ ಅಂಗಡಿಯ ಹೊಸ್ತಿಲು ದಾಟುವುದಿಲ್ಲ ಎಂದು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದ. ಪಾಪ, ಹೊಸ್ತಿಲು ದಾಟಿದ ಬಟ್ಟೆ ಎಲ್ಲೆಲ್ಲಿ ನಡೆಯುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅಣ್ಣನ ಮಗಳಿಗೆ ಇಪ್ಪತ್ತಮೂರು. ಅಲಂಕಾರ ಜಾಸ್ತಿಯಾದ್ದರಿಂದ ಮನೆಯಲ್ಲಿ ಅವಳನ್ನು ನವಿಲು ಎಂದೇ ಕರೆಯುತ್ತೇವೆ. ವಾರದಲ್ಲಿ ಆರು ದಿನ ಅಂಗಡಿಯಲ್ಲಿ ಬಟ್ಟೆಗೆ ಚೀಟಿ ಅಂಟಿಸುತ್ತಾಳೆ. ಏಳನೆಯ ದಿನ ಗುರುವಾರ, ಅಂಗಡಿಗೆ ರಜೆ. ಆ ದಿನ ಅವಳು ಚೆನ್ನಾಗಿ ಉಟ್ಟು ತೊಟ್ಟು ಊರಿನ ಒಂದೊಂದು ಕಡೆ ಹೋಗಿ, ಅಲ್ಲಿ ಏನು ತಿಂದೆ, ಯಾವ ಕಿಟಕಿಯ ಪಕ್ಕ ಕೂತರೆ ಒಳ್ಳೆ ಬೆಳಕು, ಯಾವ ಬೂಟು ಕಾಲು ಕಚ್ಚಿತು ಎಂದೆಲ್ಲ ಬರೆದು, ಫೋಟೋ ಸಮೇತ ಬ್ಲಾಗಿಗೆ ಹಾಕುತ್ತಾಳೆ. ಬ್ಲಾಗಿನ ಹೆಸರು ‘ಹೊರಟೆ ನೋಡು’. ಅದನ್ನು ಓದುವವರು ಎಂಟು ಸಾವಿರ ಜನ ಇದ್ದರು.

ಫೋಟೋ ತೆಗೆಯುವವಳು ನಾನು, ಅವಳ ಸೋದರತ್ತೆ. ನನಗೆ ನಲವತ್ತೈದು. ಮದುವೆಯೊಂದು ಆಗಿತ್ತು, ಮುಗಿಯಿತು, ಅದರ ಕಥೆ ಇಲ್ಲಿ ಬೇಡ. ಹತ್ತೊಂಬತ್ತನೇ ವಯಸ್ಸಿನಿಂದ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದೇನೆ. ಇದೇ ಊರಲ್ಲಿ ಹುಟ್ಟಿ, ಇಲ್ಲಿನ ನದಿಯನ್ನು ಸೇತುವೆಯ ಮೇಲಿನ ಬಸ್ಸಿನ ಕಿಟಕಿಯಿಂದ ಬಿಟ್ಟು ಬೇರೆಲ್ಲಿಂದಲೂ ನೋಡಿರಲಿಲ್ಲ ಎಂದರೆ ನಂಬುತ್ತೀರಾ? ನವಿಲು ಕರೆದುಕೊಂಡು ಹೋದಮೇಲೆ ಗಡಿಯಾರದ ಗೋಪುರ ಹತ್ತಿದೆ, ಗಾಜಿನ ಮನೆಯ ತೋಟ ನೋಡಿದೆ, ಎತ್ತರದ ಹೋಟೆಲಿನ ಮೇಲೆ ಕೂತು ಕಾಫಿ ಕುಡಿದೆ. ಗುರುವಾರ ಎಂದರೆ ನನಗೆ ಪ್ರಾಣ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಮೊದಮೊದಲು ಫೋಟೋ ತಾರಸಿಯ ಮೇಲೇ ಆಗುತ್ತಿತ್ತು. ಯಾರದೋ ಕೋಟು ನಡೆಸಿ ನೋಡಲು ನವಿಲು ಮೇಲೆ ಹೋದಾಗ ನಾನು ಒಂದು ಫೋಟೋ ತೆಗೆದೆ. ಚೆನ್ನಾಗಿ ಬಂತು. ಆಮೇಲೆ ಬೀದಿಯ ತುದಿಯವರೆಗೆ ಹೋದೆವು, ಅಲ್ಲಿಂದ ಪಾರ್ಕಿಗೆ.

"ನಡೆಸಿ ನೋಡೋದು ತಾನೇ ಅತ್ತೆ? ಸ್ವಲ್ಪ ದೂರ ನಡೆಸ್ತೀನಿ ಅಷ್ಟೆ," ಎಂದಳು.

"ಕಲೆ ಗಿಲೆ ಆದ್ರೆ?"

"ಆದ್ರೆ ಏನಂತೆ, ನಮ್ಮದು ಲಾಂಡ್ರಿ ಅಲ್ವಾ?"

ನಾನು ನಕ್ಕುಬಿಟ್ಟೆ. ನಕ್ಕಮೇಲೆ ಬೇಡ ಎನ್ನುವುದು ಹೇಗೆ? ಶುಕ್ರವಾರ ನಾನೇ ಮತ್ತೆ ಒಗೆದು, ಇಸ್ತ್ರಿ ಮಾಡಿ, ಚೀಟಿ ಅಂಟಿಸಿ ನೇತುಹಾಕುತ್ತಿದ್ದೆ. ಅಣ್ಣ ರಜೆಯ ದಿನ ಅಂಗಡಿಯ ಕಡೆ ತಲೆ ಹಾಕುವವನಲ್ಲ, ಫೋನಿನಲ್ಲಿ ಮಾತಾಡುವುದು ಬಿಟ್ಟು ಬೇರೇನೂ ನೋಡುವವನೂ ಅಲ್ಲ. ಅತ್ತಿಗೆ ಅಡುಗೆಮನೆ ಮತ್ತು ಒಗೆಯುವ ಯಂತ್ರದ ಒಡತಿ, ರಫು ಬಟ್ಟೆ ಅವಳ ಕೈಗೆ ಬರುವುದೇ ಇಲ್ಲ. ಮಗಳು ಗೆಳತಿಯರ ಬಟ್ಟೆ ಹಾಕಿಕೊಳ್ಳುತ್ತಾಳೆ ಎಂದು ಅವಳು ನಂಬಿದ್ದಳು.

ಬಟ್ಟೆಯ ಬಗ್ಗೆ ಇಲ್ಲದಿದ್ದರೂ ಗುರುವಾರದ ಬಗ್ಗೆ ಮನೆಯಲ್ಲಿ ಜಗಳ ಇದ್ದೇ ಇತ್ತು.

"ಇರೋದು ಒಂದು ರಜೆ," ಎಂದು ಅತ್ತಿಗೆ ಮೊಟ್ಟೆ ಒಡೆಯುತ್ತ ಶುರು ಮಾಡುತ್ತಿದ್ದಳು. "ಮನೆ ಒರೆಸೋದು ನಾನು, ಪರದೆ ಒಗೆಯೋದು ನಾನು. ಅತ್ತೆ ಸೊಸೆ ಇಬ್ಬರೂ ಸಿಂಗಾರ ಮಾಡ್ಕೊಂಡು ಸವಾರಿ ಹೊರಡೋದು!"

"ಅಮ್ಮಾ, ಅದೂ ಕೆಲಸಾನೇ."

"ಕಾಫಿ ಕುಡಿಯೋದು ಕೆಲಸ! ಕೇಳಿದ್ರಾ ಇವಳ ಮಾತು?"

ಅಣ್ಣ ಬ್ರೆಡ್ಡಿನಿಂದ ತಲೆ ಎತ್ತುತ್ತಿರಲಿಲ್ಲ. "ಹೋಗಿ ಬರ್ಲಿ ಬಿಡೆ. ಪುಟ್ಟಿ ಜೊತೇಲಿರ್ತಾಳಲ್ಲ," ಎನ್ನುತ್ತಿದ್ದ. ಪುಟ್ಟಿ ಎಂದರೆ ನಾನು. ತಲೆ ನರೆತರೂ ಅಣ್ಣನ ಬಾಯಲ್ಲಿ ಪುಟ್ಟಿಯೇ.

ಹೀಗಿರುವಾಗ ಅರಿಶಿನ ಬಣ್ಣದ ಕೋಟು ಬಂತು. ತಂದಾಕೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿ ಕೂತು ಹೆಸರು ಬರೆದುಕೊಳ್ಳುವವಳು. ಬಲ ಮೊಣಕೈಯಲ್ಲಿ ಹೀಟರಿಗೆ ತಾಗಿ ಕಾಸಿನಗಲ ಸುಟ್ಟಿತ್ತು. ಮೊಣಕಾಲು ದಾಟುವ ಉದ್ದ, ದೊಡ್ಡ ಗುಂಡಿಗಳು. ಅಮ್ಮ ಮೂರು ದಿನ ಕೂತು ರಫು ಮಾಡಿದಳು. ಆ ಗುರುವಾರ ನವಿಲು ಅದನ್ನು ಹಾಕಿಕೊಂಡಳು ನೋಡಿ, ಅವಳಿಗೆಂದೇ ಹೊಲಿದಂತಿತ್ತು. ಹಿಂಬಾಗಿಲಿನಿಂದ ಹೊರಬಿದ್ದು ನದಿಗೆ ಹೋದೆವು. ಆಚೆ ದಡದವರೆಗೆ ಹೋಗಿ ಸುತ್ತು ಹಾಕಿ ಬರುವ ದೊಡ್ಡ ದೋಣಿ. ನೀಲಿ ರಟ್ಟಿನ ಟಿಕೆಟ್ಟು, ಮೇಲೆ ದೋಣಿಯ ಚಿತ್ರ, ಕೆಳಗೆ ನಂಬರು.

ಆ ಒಂದು ಗಂಟೆಯನ್ನು ನಾನು ಮರೆಯುವುದಿಲ್ಲ. ನೀರಿನ ಮೇಲಿಂದ ನಮ್ಮ ಊರು ಬೇರೆ ಯಾರದೋ ಊರಿನ ಹಾಗೆ ಕಂಡಿತು. ನವಿಲು ಎರಡು ಟಿಕೆಟ್ಟನ್ನೂ ಬೀಸಣಿಗೆಯಂತೆ ಹಿಡಿದು, ಕಂಬಿಗೆ ಮೊಣಕೈ ಊರಿ ನಿಂತಳು. ನಾನು ಫೋಟೋ ತೆಗೆದೆ. ಆಮೇಲೆ ಗಾಳಿ ಜೋರಾಯಿತು, ಅವಳು ಕೈಯನ್ನು ಕೋಟಿನ ಜೇಬಿಗೆ ತುರುಕಿದಳು. ಟಿಕೆಟ್ಟೂ ಕೈಯ ಜೊತೆ ಒಳಗೆ ಹೋಯಿತು. ಕೈ ಮಾತ್ರ ಹೊರಗೆ ಬಂತು.

ಬಟ್ಟೆ ಅಂಗಡಿಗೆ ಬಂದ ಕೂಡಲೇ ಜೇಬು ನೋಡುವುದು ನನ್ನ ಕೆಲಸ. ಬೀಗದ ಕೈ, ಮಾತ್ರೆ, ಹಲ್ಲುಕಡ್ಡಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಆದರೆ ಹೊರಗೆ ಹೋಗುವಾಗ ಜೇಬು ನೋಡುವ ಅಭ್ಯಾಸ ನನಗಿಲ್ಲ. ಅದರಲ್ಲಿ ಏನು ತಾನೇ ಇರುತ್ತದೆ? ಶುಕ್ರವಾರ ಮಳೆ ಬಂದು ಒಗೆಯುವುದು ಬೇಡವೆಂದು ಬರೀ ಬ್ರಷ್ ಮಾಡಿ, ಹಬೆ ಕೊಟ್ಟು ನೇತುಹಾಕಿದೆ. ಶನಿವಾರ ಕ್ಲಿನಿಕ್ಕಿನಾಕೆ ಬಂದು ಮೊಣಕೈ ತಿರುಗಿಸಿ ತಿರುಗಿಸಿ ನೋಡಿ, "ಅಯ್ಯೋ, ತೂತು ಎಲ್ಲಿ ಹೋಯ್ತು?" ಎಂದು ನಕ್ಕು, ಕೋಟು ಹಾಕಿಕೊಂಡೇ ಹೋದಳು.

ಹನ್ನೊಂದು ದಿನ ಕಳೆದು, ಬುಧವಾರ ಬೆಳಿಗ್ಗೆ, ಅವಳು ಮತ್ತೆ ಬಂದಳು. ಮುಖ ಇಳಿದುಹೋಗಿತ್ತು. ಕೈಚೀಲದಿಂದ ಎರಡು ನೀಲಿ ಟಿಕೆಟ್ಟು ತೆಗೆದು ಅಣ್ಣನ ಮುಂದೆ ಇಟ್ಟಳು.

"ಇವು ನಿಮ್ಮಲ್ಲಿ ಯಾರದಾದ್ರೂ ನನ್ನ ಕೋಟಿನ ಜೇಬಿಗೆ ಸೇರಿರಬಹುದಾ?"

ಅಣ್ಣ ಟಿಕೆಟ್ಟು ಎತ್ತಿ ನೋಡಿದ. "ಇಲ್ಲಮ್ಮ. ಬಟ್ಟೆ ಬಂದ ತಕ್ಷಣ ಜೇಬು ಖಾಲಿ ಮಾಡ್ತೀವಿ. ಪುಟ್ಟೀ, ಅರಿಶಿನದ ಕೋಟಿನ ಜೇಬು ನೋಡಿದ್ದೆ ತಾನೇ?"

ನಾನು ಇಸ್ತ್ರಿ ಮೇಜಿನ ಹತ್ತಿರ ಇದ್ದೆ. ಟಿಕೆಟ್ಟಿನ ನಂಬರು ಅಲ್ಲಿಂದಲೇ ಕಾಣುತ್ತಿತ್ತು. 4417, 4418.

"ನೋಡಿದ್ದೆ," ಎಂದೆ.

"ಏನಿತ್ತು?"

"ಏನೂ ಇರ್ಲಿಲ್ಲ."

ಎರಡೂ ನಿಜ. ಒಂದಕ್ಷರ ಸುಳ್ಳಿಲ್ಲ. ಆದರೂ ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಸುಳ್ಳನ್ನು ನಾನು ಆಡಿಲ್ಲ.

"ಮನೆಯವರ ಕೈಗೆ ಸಿಕ್ಕಿದ್ದು," ಎಂದಳು ಆಕೆ. "ನನ್ನನ್ನ ಬಿಟ್ಟು ಯಾರ ಜೊತೆ ದೋಣಿ ಹತ್ತಿದೆ ಅಂತಾರೆ. ನಾನು ಆ ದೋಣಿಯ ಹತ್ತಿರಕ್ಕೂ ಹೋದವಳಲ್ಲ. ಭಾನುವಾರದೊಳಗೆ ನಿಜ ಹೇಳು, ಇಲ್ದಿದ್ರೆ ನಿನ್ನ ಅಕ್ಕನ ಮನೆಗೆ ಹೋಗು ಅಂದಿದ್ದಾರೆ. ಇಲ್ಲೇ ಸೇರಿರಬಹುದು ಅಂತ ನೀವೊಂದು ಮಾತು ಬರ್ಕೊಟ್ರೆ ಸಾಕು."

ಅಣ್ಣನಿಗೆ ಕಷ್ಟವಾಯಿತು. ಅವನು ಕಟುಕನಲ್ಲ. ಆದರೆ ಅಂಗಡಿಯ ವಿಷಯಕ್ಕೆ ಬಂದರೆ ಕಲ್ಲು. "ಇಲ್ಲಿ ಸೇರಿಲ್ಲದ್ದನ್ನ ಸೇರಿದೆ ಅಂತ ಹೇಗೆ ಬರೀಲಮ್ಮ? ನಮ್ಮ ಕೈಯಿಂದ ಒಂದು ಗುಂಡಿ ಆಚೀಚೆ ಆಗಿದ್ದಿಲ್ಲ. ಇನ್ನೊಂದ್ಸಲ ಯೋಚನೆ ಮಾಡಿ ನೋಡಿ. ಮರೆತಿರ್ತೀರಿ."

"ನಾನು ಮರೆತಿಲ್ಲ," ಎಂದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ತಲೆ ಎತ್ತಲಿಲ್ಲ. ಟಿಕೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಸುಟ್ಟ ವಾಸನೆ ಬಂದಾಗಲೇ ನನಗೆ ಎಚ್ಚರ. ಯಾರದೋ ಬಿಳಿ ಅಂಗಿಯ ಕಾಲರು ಕೆಂಪಗಾಗಿತ್ತು.

"ಎಲ್ಲೇ ಇದೆ ನಿನ್ನ ಗಮನ?" ಎಂದು ಅಣ್ಣ ರೇಗಿದ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಅಂಗಡಿಯ ಮೇಲಿನ ನಮ್ಮ ಮನೆಗೆ ಹತ್ತಿದೆವು. ಬೇಯಿಸಿದ ಆಲೂಗಡ್ಡೆ, ಸೂಪು, ಬ್ರೆಡ್ಡು. ಅಣ್ಣ ಬೆಳಗಿನ ಕಥೆಯನ್ನೆಲ್ಲ ಅತ್ತಿಗೆಗೆ ಹೇಳಿದ. ಆ ಹೊತ್ತಿನಲ್ಲಿ ಬಟ್ಟೆ ತಲುಪಿಸಲು ಹೋಗಿದ್ದ ನವಿಲು ಈಗ ಕೇಳಿಸಿಕೊಂಡಳು. ಅವಳ ಚಮಚ ಅಲ್ಲೇ ನಿಂತಿತು.

"ಪಾಪ, ಸುಳ್ಳು ಹೇಳೋ ಹಾಗೆ ಕಂಡಳಾ?" ಅತ್ತಿಗೆ ಕೇಳಿದಳು.

"ಕಾಣ್ಲಿಲ್ಲ. ಆದ್ರೆ ಪುಟ್ಟಿ ಜೇಬು ನೋಡಿದ್ದೀನಿ ಅಂದಮೇಲೆ ಮುಗೀತಲ್ಲ. ಗಂಡ ಹೆಂಡಿರ ಮಧ್ಯೆ ಏನೋ ಇರುತ್ತೆ, ನಮಗ್ಯಾಕೆ?"

ಅಮ್ಮ ಬ್ರೆಡ್ಡನ್ನು ಸಣ್ಣ ಸಣ್ಣ ಚೂರು ಮಾಡಿ ಸೂಪಿಗೆ ಹಾಕುತ್ತಿದ್ದಳು.

ತಾರಸಿಯಲ್ಲಿ ಒಣಗಿದ ಹಾಸುಬಟ್ಟೆ ತೆಗೆಯುವಾಗ ನವಿಲು ನನ್ನನ್ನು ಹಿಡಿದುಕೊಂಡಳು.

"ಅತ್ತೆ, ನೀನು ಹೇಳ್ಬಹುದಿತ್ತಲ್ಲ!"

"ನಾನಾ? ಜೇಬಿಗೆ ತುರುಕಿದ್ದು ಯಾರು?"

"ಕೋಟು ತೆಗೆದುಕೊಟ್ಟಿದ್ದು ಯಾರು?"

ಇಬ್ಬರೂ ಹಾಸುಬಟ್ಟೆಯ ಎರಡು ತುದಿ ಹಿಡಿದು ಮಡಚುತ್ತಲೇ ಜಗಳವಾಡಿದೆವು. ಆಮೇಲೆ ಅವಳು ಕಟ್ಟೆಯ ಮೇಲೆ ಕೂತಳು. ಒಂದು ದೊಡ್ಡ ಬಟ್ಟೆ ಅಂಗಡಿಯವರು ಅವಳಿಗೆ ಪತ್ರ ಬರೆದಿದ್ದರು, ಇನ್ನು ಮುಂದೆ ತಮ್ಮ ಬಟ್ಟೆ ತೊಟ್ಟು ಬರೆಯಬೇಕು ಎಂದು. ಸೋಮವಾರ ಹೋಗಿ ಅವರನ್ನು ಕಾಣಬೇಕಿತ್ತು. "ಈಗ ಇದು ಗೊತ್ತಾದ್ರೆ ನನ್ನನ್ನ ಬಟ್ಟೆಗಳ್ಳಿ ಅಂತಾರೆ," ಎಂದವಳೇ ಫೋನು ತೆಗೆದು, ಏನೇನೋ ಒತ್ತಿ, ದೋಣಿಯ ಫೋಟೋವನ್ನೂ ಬರಹವನ್ನೂ ಅಳಿಸಿದಳು. ನಾನು ನೋಡುತ್ತ ನಿಂತಿದ್ದೆ. ತಡೆಯಲಿಲ್ಲ. ಹೇಳಿಬಿಡುತ್ತೇನೆ, ನನಗೆ ಸಮಾಧಾನವೇ ಆಯಿತು. ಗುರುವಾರ ಉಳಿಯಿತು ಎಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು.

ಮರುದಿನ ಗುರುವಾರ. ನಾವಿಬ್ಬರೂ ಹೊರಡಲಿಲ್ಲ.

"ಏನಿವತ್ತು, ಸವಾರಿ ಇಲ್ವಾ?" ಎಂದು ಅತ್ತಿಗೆ ಕಣ್ಣರಳಿಸಿದಳು. ನವಿಲು ಪರದೆ ಬಿಚ್ಚಿ ಬಕೆಟ್ಟಿಗೆ ಹಾಕಿದಳು. ನಾನು ನೆಲ ಒರೆಸಿದೆ. ಅತ್ತಿಗೆಗೆ ಖುಷಿಯಾಗಬೇಕಿತ್ತು, ಗಾಬರಿಯಾಯಿತು. ಇಬ್ಬರಿಗೂ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದಳು.

ಹನ್ನೊಂದು ಗಂಟೆಗೆ ಅಮ್ಮ ಸೂಜಿ ಪೋಣಿಸಿಕೊಡು ಎಂದು ನನ್ನನ್ನು ಕರೆದಳು. ಅವಳ ಸೂಜಿಗೆ ಅವಳೇ ನೂಲು ಪೋಣಿಸುವವಳು. ಹೋದರೆ ನೂಲಿನ ಡಬ್ಬಿ ತೆರೆದು, ಉಂಡೆಗಳ ಕೆಳಗಿನಿಂದ ಒಂದು ಫೋಟೋ ತೆಗೆದು ನನ್ನ ಕೈಗೆ ಕೊಟ್ಟಳು. ಅಂಗೈ ಅಗಲದ ಕಾಗದದಲ್ಲಿ ದೋಣಿ, ಕಂಬಿ, ಅರಿಶಿನ ಬಣ್ಣದ ಕೋಟು, ಬೀಸಣಿಗೆಯಂತೆ ಎರಡು ಟಿಕೆಟ್ಟು.

"ಇದು ಎಲ್ಲಿಂದ ಬಂತಮ್ಮ?"

"ಮೊಮ್ಮಗಳು ಚೆನ್ನಾಗಿ ಕಾಣ್ತಾಳೆ, ಫೋನಿಂದ ಒಂದು ಫೋಟೋ ಮಾಡಿಸ್ಕೊಡು ಅಂತ ನಿನ್ನ ಅತ್ತಿಗೆಗೆ ಹೇಳಿದ್ದೆ. ಎದುರಿನ ಅಂಗಡೀಲಿ ಮಾಡಿಸಿ ತಂದಳು."

"ಹಾಗಾದ್ರೆ ನಿನಗೆ ಕೋಟು ಯಾರದು ಅಂತ..."

"ಮೂರು ದಿನ ಕಣ್ಣು ನೋಯಿಸಿದ ಕೋಟು ನನಗೆ ಗೊತ್ತಾಗಲ್ವೇನೆ?" ಭೂತಗನ್ನಡಿಯನ್ನು ಫೋಟೋದ ಮೇಲಿಟ್ಟು ಮೊಣಕೈ ತೋರಿಸಿದಳು. "ಇಲ್ಲಿ ನೋಡು. ಬಿಸಿಲು ನೆಟ್ಟಗೆ ಬಿದ್ದಿದೆ, ಆದ್ರೂ ಕಾಣಲ್ಲ. ಕಾಣಬಾರದು ಅಂತಲೇ ಐವತ್ತು ವರ್ಷ ಮಾಡಿದೆ. ಮಾಡಿದ್ದೆಲ್ಲ ಯಾರದೋ ಮನೆಗೆ ಹೋಗುತ್ತೆ, ನಾನು ಮತ್ತೆ ನೋಡೋದಿಲ್ಲ. ಇದೊಂದನ್ನ ದಿನಾ ನೋಡ್ತಿದ್ದೆ. ನೋಡೋ ಆಸೆಗೆ ಬಾಯಿ ಮುಚ್ಕೊಂಡೆ."

ಅಮ್ಮನಿಗೆ ಅಂಥ ಆಸೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಭೂತಗನ್ನಡಿಯನ್ನು ಟಿಕೆಟ್ಟಿನ ಕಡೆ ಸರಿಸಿದೆ. ಕೊನೆಯ ಅಂಕಿಗಳು ಸ್ಪಷ್ಟವಾಗಿದ್ದವು. ಹದಿನೇಳು, ಹದಿನೆಂಟು.

"ನಿನ್ನೆ ನಿನ್ನಣ್ಣ ಹೇಳಿದ್ದನ್ನ ಕೇಳಿದೆ," ಎಂದಳು ಅಮ್ಮ. "ಆ ಹೆಣ್ಣುಮಗಳು ಭಾನುವಾರ ಮನೆ ಬಿಡಬೇಕಂತೆ. ನಾವು ಮೂರು ಜನ ಬಾಯಿ ಮುಚ್ಕೊಂಡು ಸೂಪು ಕುಡಿದ್ವಿ. ಇನ್ನು ನನ್ನ ಕೈಲಾಗಲ್ಲ ಪುಟ್ಟಿ. ನೀನು ಹೇಳ್ತೀಯೋ, ನಾನು ಹೇಳ್ಲೋ?"

ನಾನೇ ಹೇಳಿದೆ. ಅಣ್ಣ ಹಿತ್ತಲ ಬಾಗಿಲಲ್ಲಿ ಕೂತು ಮುರುಕು ಸ್ಟೂಲಿಗೆ ಮೊಳೆ ಹೊಡೆಯುತ್ತಿದ್ದ. ಮೊದಲಿನಿಂದ ಎಲ್ಲ ಹೇಳಿದೆ, ತಾರಸಿಯ ಫೋಟೋದಿಂದ ಹಿಡಿದು. ನವಿಲು ಒದ್ದೆ ಪರದೆ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಂತಳು. ಅವನು ಸುತ್ತಿಗೆ ಕೆಳಗಿಟ್ಟ.

"ಜೇಬು ನೋಡಿದ್ದೆ ಅಂದೆ."

"ನೋಡಿದ್ದೆ."

"ಏನೂ ಇರ್ಲಿಲ್ಲ ಅಂದೆ."

"ಬಂದಾಗ ಇರ್ಲಿಲ್ಲ ಅಣ್ಣ."

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. "ನೀನು ಸುಳ್ಳು ಹೇಳ್ಲಿಲ್ಲ," ಎಂದ ಮೆಲ್ಲಗೆ. "ನನ್ನ ಬಾಯಿಂದ ಅವಳನ್ನ ಸುಳ್ಳುಗಾತಿ ಮಾಡಿಸಿದೆ. ಮರೆತಿರ್ತೀರಿ ಅಂದ್ನಲ್ಲೇ ನಾನು, ದೊಡ್ಡ ಮನುಷ್ಯನ ಹಾಗೆ."

ಒಳಗಿನಿಂದ ಅತ್ತಿಗೆ ಬಂದಳು. ಫೋಟೋ ಮಾಡಿಸಿದ್ದು ತಾನೇ ಎಂದು ಗೊತ್ತಾದಾಗ ಹಣೆ ಚಚ್ಚಿಕೊಂಡಳು. "ಗೆಳತೀದು ಅಂದ್ಯಲ್ಲೇ! ಯಾರೇ ಆ ಗೆಳತಿ?" ಎಂದು ಮಗಳ ಮೇಲೆ ಹರಿಹಾಯ್ದಳು. ನವಿಲು ಅಳುತ್ತ, "ಅಪ್ಪಾ, ನಾನು ಅವರಿಗೆ ಫೋನ್ ಮಾಡಿ ಹೇಳ್ತೀನಿ," ಎಂದಳು.

"ಫೋನಲ್ಲಿ ಅಲ್ಲ. ಎದುರಿಗೇ ಬಂದು ಹೇಳು," ಎಂದ ಅಣ್ಣ. ಅಂಗಡಿಗೆ ಇಳಿದು ಪುಸ್ತಕದಿಂದ ವಿಳಾಸ ಬರೆದುಕೊಂಡ. ಸಂಜೆ ಐದಕ್ಕೆ ನಾಲ್ಕು ಜನ ಹೊರಟೆವು. ಅಮ್ಮನನ್ನು ಮನೆಯಲ್ಲೇ ಇರು ಎಂದರೆ, "ಮೊಣಕೈ ನಂದು, ನಾನೂ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು.

ಮೂರನೇ ಮಹಡಿಯ ಎರಡು ಕೋಣೆಯ ಮನೆ. ಬಾಗಿಲು ತೆರೆದವನು ಗಂಡ. ಲಿಫ್ಟು ರಿಪೇರಿ ಮಾಡುವವನಂತೆ, ಬೆರಳುಗಳಲ್ಲಿ ಗ್ರೀಸು ಇನ್ನೂ ಹಾಗೇ ಇತ್ತು. ಗೋಡೆಯ ಪಕ್ಕ ಒಂದು ಸೂಟ್‌ಕೇಸು, ಅದರ ಮೇಲೆ ಮಡಚಿಟ್ಟ ನಾಲ್ಕು ಬಟ್ಟೆ. ಆಕೆ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲೇ ನಿಂತಳು. ಯಾರೂ ಕೂತುಕೊಳ್ಳಿ ಎನ್ನಲಿಲ್ಲ.

ಅಣ್ಣ ಹೇಳಿದ. ಅಷ್ಟು ಚಿಕ್ಕದಾಗಿ, ಅಷ್ಟು ನೇರವಾಗಿ ಅವನು ಮಾತಾಡಿದ್ದನ್ನು ನಾನು ಕೇಳಿಲ್ಲ. "ನಿಮ್ಮ ಕೋಟನ್ನ ನನ್ನ ಮಗಳು ಹಾಕ್ಕೊಂಡು ಹೋಗಿದ್ದಳು. ಟಿಕೆಟ್ಟು ಇವರಿಬ್ಬರದು. ನಿನ್ನೆ ನಾನು ಹೇಳಿದ್ದು ತಪ್ಪು."

ಗಂಡ ಫೋಟೋ ಇಸಿದುಕೊಂಡು, ಡ್ರಾಯರಿನಿಂದ ಟಿಕೆಟ್ಟು ತೆಗೆದು, ಅಮ್ಮನ ಭೂತಗನ್ನಡಿ ಹಿಡಿದು ಒಂದೊಂದೇ ಅಂಕಿ ಕೂಡಿಸಿ ನೋಡಿದ. ನೋಡಿ ಉಸಿರು ಬಿಟ್ಟ. ಅವನ ಮುಖ ಹಗುರವಾಯಿತು. "ಸರಿ ಸರಿ. ಇಷ್ಟೇನಾ!" ಎಂದು ಹೆಂಡತಿಯ ಕಡೆ ತಿರುಗಿದ. "ನೀನು ಮೊದಲೇ ಸರಿಯಾಗಿ ಹೇಳಿದ್ರೆ..."

"ಏನಂತ ಹೇಳ್ಬೇಕಿತ್ತು?" ಎಂದಳು ಆಕೆ. ದನಿ ಏರಿಸಲಿಲ್ಲ. "ಹೋಗಿಲ್ಲ ಅಂತ ಹನ್ನೆರಡು ದಿನ ಹೇಳಿದೆ. ನಂಬ್ಲಿಲ್ಲ. ಇವರು ತಂದ ಕಾಗದವನ್ನ ಒಂದು ನಿಮಿಷಕ್ಕೆ ನಂಬಿದ್ರಿ."

ಅವನು ಟಿಕೆಟ್ಟನ್ನು ಮೇಜಿನ ಮೇಲಿಟ್ಟ. ನವಿಲು ಕೈಮುಗಿದು ತಪ್ಪಾಯಿತು ಎಂದಳು. ಆಕೆ ಅವಳನ್ನು ಹೆಚ್ಚು ನೋಡಲಿಲ್ಲ, ನನ್ನನ್ನೇ ನೋಡಿದಳು.

"ಇವಳಿನ್ನೂ ಚಿಕ್ಕವಳು, ಬಿಡಿ. ನೀವು ಅಲ್ಲೇ ಇದ್ರಿ. ಎಲ್ಲ ಕೇಳ್ತಾ ಇಸ್ತ್ರಿ ಮಾಡ್ತಿದ್ರಿ."

ಹೂಂ ಎಂದೆ. ಅಮ್ಮನ ಕೈ ಹಿಡಿದುಕೊಂಡು ಮೂರು ಮಹಡಿ ಇಳಿದೆವು. ಫೋಟೋ ಅಲ್ಲೇ ಉಳಿಯಿತು, ಅಮ್ಮ ವಾಪಸು ಕೇಳಲಿಲ್ಲ.

ಆಮೇಲಿನ ವಾರಗಳು ಕಷ್ಟದವು. ನವಿಲು ಬ್ಲಾಗಿನಲ್ಲಿ ನಡೆದದ್ದನ್ನು ಬರೆದಳು. ಯಾವ ಯಾವ ಬಟ್ಟೆ ತನ್ನದಲ್ಲ ಎಂದು ಒಂದೊಂದನ್ನೂ ಹೇಳಿದಳು. ಓದಿದವರು ಬಾಯಿಗೆ ಬಂದಂತೆ ಬೈದರು, ಎಂಟು ಸಾವಿರದಲ್ಲಿ ಮೂರು ಸಾವಿರ ಉಳಿಯಿತು. ಬಟ್ಟೆ ಅಂಗಡಿಯವರು ಸೋಮವಾರ ಬರುವುದು ಬೇಡ ಎಂದರು. ಅಣ್ಣ ಕೌಂಟರಿನ ಹತ್ತಿರ ನಿಂತು, ಬಂದ ಹಳೇ ಗಿರಾಕಿಗಳಿಗೆಲ್ಲ ತಾನೇ ವಿಷಯ ಹೇಳಿದ. ಕೆಲವರು ನಕ್ಕರು. ನಾಲ್ಕೈದು ಜನ ತಮ್ಮ ಬಟ್ಟೆ ವಾಪಸು ತೆಗೆದುಕೊಂಡು ಹೋದರು. ಅವರಲ್ಲಿ ಅಪ್ಪನ ಕಾಲದಿಂದ ಬರುತ್ತಿದ್ದ ಮುದುಕ ಮೇಷ್ಟ್ರೂ ಒಬ್ಬರು. ಅವರು ಹೋದ ದಿನ ಅಣ್ಣ ಮಧ್ಯಾಹ್ನ ಊಟ ಮಾಡಲಿಲ್ಲ.

"ಇನ್ನು ಗುರುವಾರದ ರಜೆ ಇಲ್ಲ. ಏಳು ದಿನವೂ ಅಂಗಡಿ," ಎಂದ. ನಡೆಸಿ ನೋಡುವ ಕೆಲಸವನ್ನೂ ನಮ್ಮಿಂದ ಕಿತ್ತುಕೊಂಡು, ಬಾಗಿಲು ಹಾಕಿದ ಅಂಗಡಿಯೊಳಗೆ ತಾನೇ ಮಾಡತೊಡಗಿದ. ಯಾರೋ ಹೆಂಗಸಿನ ಜಾಕೆಟ್ಟಿನೊಳಗೆ ತನ್ನ ಡೊಳ್ಳುಹೊಟ್ಟೆ ತುರುಕಿಕೊಂಡು ಕೈ ಎತ್ತಿದ್ದೇ ಕಂಕುಳು ಪರ್ರೆಂದಿತು. ಅಷ್ಟು ಬೇಜಾರಿನಲ್ಲೂ ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮರುದಿನದಿಂದ ಆ ಕೆಲಸ ಅತ್ತಿಗೆಗೆ ಬಂತು. ಬೈಯುತ್ತಲೇ ಹಾಕಿಕೊಂಡು ತಾರಸಿಗೆ ಹತ್ತುತ್ತಿದ್ದಳು. ಒಂದು ದಿನ ಯಾಕೋ ಇಳಿದು ಬರಲಿಲ್ಲವೆಂದು ಹೋಗಿ ನೋಡಿದರೆ, ಯಾರದೋ ನೀಲಿ ಕೋಟಿನಲ್ಲಿ ಕಟ್ಟೆಗೆ ಒರಗಿ ಊರು ನೋಡುತ್ತ ನಿಂತಿದ್ದಾಳೆ. ನನ್ನನ್ನು ಕಂಡು, "ಏನು, ಹೊಲಿಗೆ ನಿಲ್ಲುತ್ತಾ ಅಂತ ನೋಡ್ತಿದ್ದೆ," ಎಂದು ದಡದಡ ಇಳಿದಳು.

ನನಗೆ ಬುಧವಾರ ಬಂದರೆ ಸಂಕಟ ಶುರುವಾಗುತ್ತಿತ್ತು. ಗುರುವಾರ ಇಸ್ತ್ರಿ ಮೇಜಿನ ಮುಂದೆ ನಿಂತರೆ ನದಿ ಕಾಣುತ್ತಿತ್ತು. ರಜೆ ಕೇಳುವ ಮುಖ ನನಗಿರಲಿಲ್ಲ. ಆ ಮನೆಯ ಸೂಟ್‌ಕೇಸು ಏನಾಯಿತೋ ಎಂಬ ಚಿಂತೆಯೂ ಜೊತೆಗಿತ್ತು.

ನಾಲ್ಕನೆಯ ಬುಧವಾರ ಅಂಗಡಿ ಮುಚ್ಚುವ ಹೊತ್ತಿಗೆ ಕ್ಲಿನಿಕ್ಕಿನಾಕೆ ಬಂದಳು. ಅರಿಶಿನ ಬಣ್ಣದ ಕೋಟು ಮೈಮೇಲಿತ್ತು. ಅಣ್ಣ ಎದ್ದು ನಿಂತ.

"ಏನಾದ್ರೂ ಬಿಟ್ಟು ಹೋಯ್ತಾಮ್ಮ? ರಫು ಬಿಚ್ಚಿಕೊಂಡಿತಾ?"

"ಇಲ್ಲ. ಇವರ ಹತ್ರ ಕೆಲಸ ಇತ್ತು." ನನ್ನ ಕಡೆ ಬಂದಳು. "ಆ ದೋಣಿ ಎಲ್ಲಿ ಹತ್ತೋದು?"

ನಾನು ತಡವರಿಸಿದೆ. "ಹಳೇ ಸೇತುವೆ ಹತ್ರ. ಹತ್ತು ಗಂಟೆಗೆ ಒಂದು, ಮೂರಕ್ಕೆ ಒಂದು."

"ನಾಳೆ ನನಗೆ ರಜೆ. ಕರ್ಕೊಂಡು ಹೋಗ್ತೀರಾ? ನೀವೂ, ಆ ಹುಡುಗೀನೂ."

ಅಣ್ಣನ ಬಾಯಿ ತೆರೆದೇ ಇತ್ತು. ಅವಳು ಅವನ ಕಡೆ ತಿರುಗಿದಳು. "ಹೋಗದೇ ಇದ್ದ ದೋಣಿಗೆ ಹನ್ನೆರಡು ದಿನ ಅನ್ನಿಸ್ಕೊಂಡೆ ಸಾರ್. ಒಂದ್ಸಲ ಕೂತಾದ್ರೂ ನೋಡ್ಬೇಡ್ವಾ?"

"ನಿಮ್ಮ ಮನೆಯವರು...?"

"ಅ‌ವರಿಗೆ ಹೇಳಿಲ್ಲ. ಅಕ್ಕನ ಮನೆಗೆ ಹೋಗಿಲ್ಲ, ಅಲ್ಲೇ ಇದ್ದೀನಿ. ಸೂಟ್‌ಕೇಸು ಮಾತ್ರ ಇನ್ನೂ ಒಳಗೆ ಎತ್ತಿಟ್ಟಿಲ್ಲ."

ಅಣ್ಣ ಕೌಂಟರಿನ ಮೇಲಿನ ಧೂಳನ್ನು ಕೈಯಲ್ಲಿ ಒರೆಸಿದ. ಧೂಳು ಇರಲಿಲ್ಲ. "ಪುಟ್ಟೀ," ಎಂದ, "ನಾಳೆ ಇಸ್ತ್ರಿ ನಾನು ನೋಡ್ಕೋತೀನಿ."

ಮರುದಿನ ನವಿಲು ತನ್ನದೇ ಹಳೇ ಹಸಿರು ಸ್ವೆಟರು ಹಾಕಿಕೊಂಡಳು. ನಾನು ಅಂಗಡಿಯ ಉಡುಪಿನಲ್ಲೇ ಹೋದೆ, ಎದೆಯ ಹತ್ತಿರ ಸುಟ್ಟ ಕಲೆಯಿದ್ದದ್ದರಲ್ಲಿ. ದೋಣಿಯಲ್ಲಿ ಮೂವರೂ ಸಾಲಾಗಿ ಕೂತೆವು. ದೋಣಿ ನಡುನೀರಿಗೆ ಬಂದಾಗ ಆಕೆ ಎದ್ದು ಕಂಬಿಯ ಹತ್ತಿರ ಹೋಗಿ ನಿಂತಳು. ಊರನ್ನೆಲ್ಲ ಒಂದು ಸಲ ನೋಡಿದಳು. "ನಮ್ಮ ಮನೆ ಯಾವ ಕಡೆ?" ಎಂದು ಕೇಳಿದಳು. ನವಿಲು ತೋರಿಸಿದಳು. ತುಂಬ ಹೊತ್ತು ಆ ಕಡೆಯೇ ನೋಡುತ್ತಿದ್ದಳು.

"ಒಂದು ಫೋಟೋ ತೆಗೀಲಾ?" ನವಿಲು ಹೆದರುತ್ತ ಕೇಳಿದಳು. "ಎಲ್ಲೂ ಹಾಕಲ್ಲ."

"ತೆಗಿ. ಒಂದು ಕಾಗದದ ಮೇಲೆ ಮಾಡಿಸಿ ನಿನ್ನ ಅಜ್ಜಿಗೆ ಕೊಡು. ಅವರದ್ದು ನಮ್ಮ ಮನೇಲೇ ಉಳೀತು." ಕಂಬಿಗೆ ಬಲ ಮೊಣಕೈ ಊರಿ, ಅದು ಕಾಣುವ ಹಾಗೆ ತಿರುಗಿ ನಿಂತಳು.

ದಡಕ್ಕೆ ಬಂದಮೇಲೆ ಮೂರು ಟಿಕೆಟ್ಟೂ ನನ್ನ ಕೈಯಲ್ಲಿದ್ದವು. ಹರಿದು ಬಿಸಾಡಲು ಬುಟ್ಟಿ ಹುಡುಕಿದೆ. ಇನ್ನು ಜನ್ಮದಲ್ಲಿ ಯಾರ ಜೇಬಿನಲ್ಲೂ ಏನೂ ಉಳಿಯಬಾರದು ಎಂದು ಆಣೆ ಹಾಕಿಕೊಂಡಿದ್ದೆ. ಆಕೆ ಅಂಗೈ ಚಾಚಿದಳು.

"ಇಲ್ಲಿ ಕೊಡಿ."

ಟಿಕೆಟ್ಟುಗಳನ್ನು ಸರಿಯಾಗಿ ಜೋಡಿಸಿ, ಕೋಟಿನ ಜೇಬಿಗೆ ಹಾಕಿ, ಮೇಲಿಂದ ಒಮ್ಮೆ ತಟ್ಟಿದಳು.

"ಅವರು ಮತ್ತೆ ನೋಡಿದ್ರೆ?" ಎಂದೆ ನಾನು.

"ನೋಡ್ಲಿ," ಎಂದಳು. "ಕೇಳಿದ್ರೆ ಹೋಗಿದ್ದೆ ಅಂತೀನಿ."